ಅನ್ನ ಕಡಿಮೆ ಮಾಡಿದರೆ ಶುಗರ್‌ಗೆ ಏನಾಗುತ್ತದೆ?

ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಶುಗರ್ 100 ಇದೆ ಅಂದರೆ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ ಅರ್ಥ. ಲೆಕ್ಕ ಹಾಕಿ ನೋಡಿ. ಇಡೀ ರಕ್ತದಲ್ಲಿರುವುದು ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಶುಗರ್ 200 ಇರುವವರಲ್ಲಿ ಎರಡು ಚಮಚ. ಇಷ್ಟು ಚಿಕ್ಕ ವ್ಯತ್ಯಾಸವೇ ವರ್ಷಗಟ್ಟಲೆ ಹಾಗೇ ಉಳಿದರೆ ಕಣ್ಣು, ಕಿಡ್ನಿ, ಕಾಲಿನ ನರಗಳನ್ನು ಕೆಡಿಸುತ್ತದೆ.

ಈಗ ಮಧ್ಯಾಹ್ನದ ತಟ್ಟೆ ನೋಡೋಣ. ಮುಂಬೈಯ ಮಾತುಂಗದ ಉಡುಪಿ ಹೋಟೆಲಿನ ಊಟ ಇರಲಿ, ಡೊಂಬಿವಲಿಯ ಮನೆಯಿಂದ ತಂದ ಡಬ್ಬಿ ಇರಲಿ, ಲೆಕ್ಕ ಹೆಚ್ಚುಕಮ್ಮಿ ಒಂದೇ. ಎರಡು ಚಪಾತಿಯಲ್ಲಿ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್). ತುಂಬಿದ ಬಟ್ಟಲು ಅನ್ನ, ಅಂದರೆ 200 ಗ್ರಾಂ ಬೆಂದ ಅನ್ನದಲ್ಲಿ 55 ಗ್ರಾಂ. ಬೇಳೆ ಸಾರಿನಲ್ಲಿ 15, ಬಟಾಟೆ ಪಲ್ಯದಲ್ಲಿ ಇನ್ನೊಂದು 15. ಒಟ್ಟು 125 ಗ್ರಾಂ. ಇದರಲ್ಲಿ ನಾರಿನ ಸ್ವಲ್ಪ ಪಾಲು ಬಿಟ್ಟು ಉಳಿದದ್ದೆಲ್ಲ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸ್ ಆಗುತ್ತದೆ. ಒಂದು ಚಮಚ ಇರಬೇಕಾದ ರಕ್ತಕ್ಕೆ ಕೆಲವೇ ಗಂಟೆಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಚಮಚ ಬಂದು ಸೇರುತ್ತದೆ.

ಆರೋಗ್ಯವಂತರಲ್ಲಿ ಇದು ತೊಂದರೆ ಮಾಡುವುದಿಲ್ಲ. ಗ್ಲೂಕೋಸ್ ಬಂದ ಹಾಗೆಲ್ಲ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇನ್ಸುಲಿನ್ ಅನ್ನುವ ಹಾರ್ಮೋನ್ ಬಿಡುತ್ತದೆ. ಸ್ನಾಯುಗಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ, ಲಿವರ್ ಒಂದಷ್ಟನ್ನು ಕೂಡಿಡುತ್ತದೆ. ಟೈಪ್ 2 ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ತಡವಾಗಿ ಬರುತ್ತದೆ ಅಥವಾ ಸಾಲುವುದಿಲ್ಲ. ಬಂದದ್ದಕ್ಕೂ ಜೀವಕೋಶಗಳು ಸರಿಯಾಗಿ ಓಗೊಡುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಲೋಕಲ್ ರೈಲು ಅಂದರೆ ಜೀವಕೋಶ, ಜನ ಅಂದರೆ ಗ್ಲೂಕೋಸ್. ಲೋಕಲ್ ಬಂದಿದೆ, ಬಾಗಿಲೂ ಇದೆ, ಆದರೆ ಒಳಗೆ ಹೋಗಲು ಆಗುತ್ತಿಲ್ಲ, ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಿದ್ದಾರೆ. ಮಾತ್ರೆ, ಇನ್ಸುಲಿನ್ ಇಂಜೆಕ್ಷನ್ ಇವೆಲ್ಲ ಹೆಚ್ಚಿನ ಜನರನ್ನು ಒಳಗೆ ಕಳಿಸುವ ದಾರಿಗಳು. ಕಾರ್ಬ್ ಕಡಿಮೆ ಮಾಡುವುದು ಅಂದರೆ ಪ್ಲಾಟ್‌ಫಾರ್ಮಿಗೆ ಒಮ್ಮೆಲೇ ಬರುವ ಜನರನ್ನೇ ಕಡಿಮೆ ಮಾಡುವುದು.

ಹಾಗಾಗಿ ಇದು ಕೆಲಸ ಮಾಡುತ್ತದೆ. ಅದರಲ್ಲಿ ಅನುಮಾನ ಇಲ್ಲ. ಪ್ರೋಟೀನ್ ತಿಂದರೆ ಶುಗರ್ ಸ್ವಲ್ಪ, ನಿಧಾನವಾಗಿ ಏರುತ್ತದೆ. ಕೊಬ್ಬು ತಾನಾಗಿ ಹೆಚ್ಚೇನೂ ಏರಿಸುವುದಿಲ್ಲ. ಊಟದ ನಂತರದ ಏರಿಕೆ ಮುಖ್ಯವಾಗಿ ಕಾರ್ಬ್‌ನಿಂದಲೇ. ಅದನ್ನು ಅರ್ಧ ಮಾಡಿದರೆ ಏರಿಕೆಯೂ ಇಳಿಯುತ್ತದೆ, ಅದೂ ಮೊದಲ ಊಟದಿಂದಲೇ. ತೂಕ ಇಳಿಯುವ ತನಕ ಕಾಯಬೇಕಾಗಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು ವೈದ್ಯರ ಕೈಯಲ್ಲಿದ್ದ ದಾರಿ ಹೆಚ್ಚುಕಮ್ಮಿ ಇದೊಂದೇ.

ಧಾನ್ಯ ಬದಲಿಸುವುದು ಬೇರೆ, ಕಡಿಮೆ ಮಾಡುವುದು ಬೇರೆ

ಮುಂಬೈ, ಪುಣೆಯ ನಮ್ಮ ಮನೆಗಳಲ್ಲಿ ಶುಗರ್ ಬಂತು ಅಂದ ತಕ್ಷಣ ಮೊದಲು ಆಗುವುದು ಧಾನ್ಯದ ಬದಲಾವಣೆ. ದಕ್ಷಿಣ ಕನ್ನಡದ ಕಡೆಯವರು ಅನ್ನ ಬಿಟ್ಟು ಚಪಾತಿ ಹಿಡಿಯುತ್ತಾರೆ. ಹಳೇ ಮೈಸೂರಿನವರು ರಾಗಿಗೆ ಮರಳುತ್ತಾರೆ. ವಿಜಯಪುರ, ಕಲಬುರಗಿ ಕಡೆಯವರು "ನಮ್ಮದು ಜೋಳದ ರೊಟ್ಟಿ, ನಮಗೇನೂ ಆಗಲ್ಲ" ಅನ್ನುತ್ತಾರೆ. ಇದರಲ್ಲಿ ಸತ್ಯ ಇದೆ, ಆದರೆ ಅರ್ಧ ಮಾತ್ರ.

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಕಾರ್ಬ್ ಸುಮಾರು 68 ಗ್ರಾಂ. ರಾಗಿಯಲ್ಲಿ 67ರ ಆಸುಪಾಸು. ಗೋಧಿ ಹಿಟ್ಟೂ ಅದೇ ಸಾಲಿನಲ್ಲಿದೆ, ಪಾಲಿಶ್ ಮಾಡಿದ ಅಕ್ಕಿ ಸ್ವಲ್ಪ ಮೇಲೆ. ಜೋಳ, ರಾಗಿಯಲ್ಲಿ ನಾರು ಜಾಸ್ತಿ, 10 ಗ್ರಾಂ ಮೇಲೆ ಕೆಳಗೆ. ಅಕ್ಕಿಯಲ್ಲಿ ಅದು ಮೂರು ಗ್ರಾಂ ಕೂಡ ಇಲ್ಲ. ನಾರಿನಿಂದಾಗಿ ಗ್ಲೂಕೋಸ್ ನಿಧಾನವಾಗಿ ಬರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಇದು ಒಳ್ಳೆಯದೇ. ಆದರೆ ಎರಡು ದೊಡ್ಡ ರೊಟ್ಟಿ ತಿಂದರೆ 70 ಗ್ರಾಂ ಕಾರ್ಬ್ ಒಳಗೆ ಹೋಗಿಯೇ ಹೋಗುತ್ತದೆ. ಅದರ ಮೇಲೆ "ಸ್ವಲ್ಪ ಅನ್ನ, ಮಜ್ಜಿಗೆಗೆ" ಅಂತ ಇನ್ನೊಂದು 30 ಗ್ರಾಂ.

ದೇಶದಾದ್ಯಂತ ನಡೆದ ಐಸಿಎಂಆರ್–ಇಂಡಿಯಾಬ್ ಎಂಬ ಡಯಾಬಿಟಿಸ್ ಸಮೀಕ್ಷೆ ಇದೇ ಪ್ರಶ್ನೆಯನ್ನು ನೋಡಿದೆ. 2025ರಲ್ಲಿ ಬಂದ ಅದರ ವರದಿಯ ಪ್ರಕಾರ ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಕಾರ್ಬ್‌ನಿಂದ. ಒಟ್ಟು ಕಾರ್ಬ್ ಅಷ್ಟೇ ಇಟ್ಟುಕೊಂಡು ಬಿಳಿ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದವರಲ್ಲಿ ಡಯಾಬಿಟಿಸ್ ಅಪಾಯ ಇಳಿದದ್ದು ಕಾಣಲಿಲ್ಲ. ಕಾರ್ಬ್‌ನ ಸ್ವಲ್ಪ ಪಾಲು ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ತಂದರೆ ಮಾತ್ರ ಅಪಾಯ ಕಡಿಮೆ ಎಂದು ಲೆಕ್ಕ ಹೇಳಿತು. ನನಗೆ ಈ ಒಂದು ಮಾತು ಎಲ್ಲ ಡಯಟ್ ಚಾರ್ಟ್‌ಗಳಿಗಿಂತ ಮುಖ್ಯ ಅನಿಸುತ್ತದೆ. ರಾಗಿ ತಿನ್ನಿ, ಜೋಳ ತಿನ್ನಿ, ಖಂಡಿತ ತಿನ್ನಿ. ಆದರೆ ಎರಡರ ಜಾಗದಲ್ಲಿ ಒಂದು ತಿನ್ನಿ. ಖಾಲಿಯಾದ ಜಾಗದಲ್ಲಿ ಕಾಳು, ಸೊಪ್ಪು, ಮೊಸರು, ಮೊಟ್ಟೆ, ಮೀನು ಬರಲಿ.

ಎಷ್ಟು ಕಡಿಮೆ ಮಾಡಿದರೆ "ಲೋ ಕಾರ್ಬ್"? ಸಂಶೋಧಕರು ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕೆಳಗೆ ಇರುವುದನ್ನು ಹಾಗೆ ಕರೆಯುತ್ತಾರೆ. 50 ಗ್ರಾಂಗಿಂತ ಕೆಳಗೆ ಹೋದರೆ ಕೀಟೋ ಅನ್ನುತ್ತಾರೆ. ಆಗ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸಿ ಅದರಿಂದ ಶಕ್ತಿ ಪಡೆಯುತ್ತದೆ. ನಮ್ಮ ಸಾಮಾನ್ಯ ದಿನ ಬೆಳಿಗ್ಗೆಯ ಇಡ್ಲಿ ಅಥವಾ ಪೋಹೆ, ಮಧ್ಯಾಹ್ನದ ಆ ತಟ್ಟೆ, ಸಂಜೆ ಸ್ಟೇಷನ್ ಹೊರಗಿನ ವಡಾಪಾವ್, ಸಕ್ಕರೆ ಹಾಕಿದ ಚಹಾಗಳು, ರಾತ್ರಿ ರೊಟ್ಟಿ ಎಲ್ಲ ಸೇರಿ ಸುಲಭವಾಗಿ 350 ಗ್ರಾಂ ಮುಟ್ಟುತ್ತದೆ. ಅಲ್ಲಿಂದ 200ಕ್ಕೆ ಇಳಿದರೂ ಗ್ಲುಕೋಮೀಟರ್‌ನಲ್ಲಿ ಗೊತ್ತಾಗುತ್ತದೆ. ಕೀಟೋ ಮಾಡಲೇಬೇಕು ಅಂತ ಏನೂ ಇಲ್ಲ.

ಪ್ರಯೋಗಗಳು ಏನು ಹೇಳುತ್ತವೆ

2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಎಚ್‌ಬಿ ಎ1ಸಿ ಅಂದರೆ ಕೆಂಪು ರಕ್ತಕಣಕ್ಕೆ ಅಂಟಿದ ಗ್ಲೂಕೋಸ್ ನೋಡಿ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ. ಆರು ತಿಂಗಳಿಗೆ ಅದು 6.5ಕ್ಕಿಂತ ಕೆಳಗೆ ಬಂದವರು ಲೋ ಕಾರ್ಬ್ ಗುಂಪಿನಲ್ಲಿ ಶೇ. 57, ಉಳಿದ ಊಟದ ಗುಂಪುಗಳಲ್ಲಿ ಶೇ. 31. ಇವರಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರೂ ಇದ್ದರು, ಹಾಗಾಗಿ ಎಲ್ಲರನ್ನೂ ವಾಸಿಯಾದವರು ಅನ್ನುವಂತಿಲ್ಲ. ಹನ್ನೆರಡು ತಿಂಗಳ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಕರಗುತ್ತಾ ಬಂದಿತ್ತು. ಇದಕ್ಕೆ ಒಂದು ದೊಡ್ಡ ಕಾರಣ ಯಾರಿಗೂ ಹೊಸದಲ್ಲ: ಬಹಳ ಬಿಗಿಯಾದ ಊಟವನ್ನು ವರ್ಷಗಟ್ಟಲೆ ಹಿಡಿದುಕೊಂಡು ಹೋಗುವುದು ಕಷ್ಟ.

ಇನ್ನೊಂದು ಪ್ರಯೋಗ ಬ್ರಿಟನ್ನಿನ ಡೈರೆಕ್ಟ್, 2017ರದ್ದು. ಅಲ್ಲಿ ಕೊಟ್ಟದ್ದು ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್ ಮತ್ತು ಸೂಪ್. ಮೂರರಿಂದ ಐದು ತಿಂಗಳು. ಒಂದು ವರ್ಷದ ನಂತರ ಶೇ. 46 ಜನ ಮಾತ್ರೆ ಇಲ್ಲದೆ 6.5ರ ಕೆಳಗಿದ್ದರು. 15 ಕಿಲೊ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಂತೂ ಶೇ. 86. ಆ ಶೇಕ್‌ನಲ್ಲಿ ಕ್ಯಾಲೊರಿಯ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದುದು ಕಾರ್ಬ್‌ನಿಂದಲೇ! ಅಲ್ಲಿ ಕೆಲಸ ಮಾಡಿದ್ದು ತೂಕ ಇಳಿದದ್ದು. ಲಿವರ್ ಮತ್ತು ಪ್ಯಾಂಕ್ರಿಯಾಸ್‌ನಲ್ಲಿ ಸೇರಿಕೊಂಡ ಕೊಬ್ಬು ಕರಗಿದ ಮೇಲೆ ಇನ್ಸುಲಿನ್ ಮತ್ತೆ ತನ್ನ ಕೆಲಸ ಮಾಡತೊಡಗುತ್ತದೆ.

ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಕಾರ್ಬ್ ಕಡಿಮೆ ಮಾಡಿದರೆ ಇವತ್ತಿನ ಊಟದ ನಂತರದ ಶುಗರ್ ಇಳಿಯುತ್ತದೆ. ಕಾಯಿಲೆಯೇ ಹಿಂದೆ ಸರಿಯಬೇಕಾದರೆ ಬಹಳ ಜನರಿಗೆ ಒಳಗಿನ ಕೊಬ್ಬೂ ಕರಗಬೇಕು. ಅನ್ನ ಬಿಟ್ಟು ಅದೇ ಜಾಗಕ್ಕೆ ಲೆಕ್ಕ ಇಲ್ಲದೆ ತುಪ್ಪ, ಗೋಡಂಬಿ, ಪನೀರ್ ಬಂದರೆ ಮೊದಲನೆಯದು ಆಗುತ್ತದೆ, ಎರಡನೆಯದು ಆಗುವುದಿಲ್ಲ.

"ನಾನು ದಪ್ಪ ಇಲ್ವಲ್ಲ" ಅಂತ ಕೇಳುವವರಿಗೆ ಪುಣೆಯಿಂದಲೇ ಉತ್ತರ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗಿರುವ ಭಾರತೀಯರ ಒಳಗೂ ಕೊಬ್ಬು ಇರುತ್ತದೆ, ಸ್ನಾಯು ಕಡಿಮೆ ಇರುತ್ತದೆ. ಆದ್ದರಿಂದ ನಮ್ಮಲ್ಲಿ ಹೊಟ್ಟೆಯ ಸುತ್ತಳತೆಯನ್ನೂ ನೋಡಬೇಕು. ಗೋವಾದಲ್ಲಿರುವ ನಮ್ಮವರು ಇನ್ನೂ ಎಚ್ಚರವಾಗಿರುವುದು ಒಳ್ಳೆಯದು. 2023ರ ಇಂಡಿಯಾಬ್ ವರದಿಯಲ್ಲಿ ಡಯಾಬಿಟಿಸ್ ಅತಿ ಹೆಚ್ಚು ಕಂಡದ್ದು ಗೋವಾದಲ್ಲೇ, ಶೇ. 26.4.

ಮೊದಲು ಮಾತ್ರೆಯ ಸ್ಟ್ರಿಪ್ ನೋಡಿ

ಇಷ್ಟು ಓದಿ ನಾಳೆಯಿಂದಲೇ ಅನ್ನ ಬಿಡುತ್ತೇನೆ ಅಂದುಕೊಂಡವರು ದಯವಿಟ್ಟು ಇಲ್ಲಿ ನಿಲ್ಲಿ. ಕಾರ್ಬ್ ಕಡಿಮೆ ಮಾಡುವುದರಿಂದ ಶುಗರ್ ಬೇಗ ಇಳಿಯುತ್ತದೆ ಅನ್ನುವ ಕಾರಣಕ್ಕೇ ಈ ಭಾಗ ಮುಖ್ಯ. ನಿಮ್ಮ ಮಾತ್ರೆಯ ಡೋಸ್ ಡಾಕ್ಟರು ಗೊತ್ತುಮಾಡಿದ್ದು ಹಳೆಯ ಊಟಕ್ಕೆ. ಊಟ ಅರ್ಧವಾಗಿ ಮಾತ್ರೆ ಅಷ್ಟೇ ಉಳಿದರೆ ಶುಗರ್ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಎಲ್ಲರಿಗಿಂತ ಜಾಸ್ತಿ. ಮಾತ್ರೆಗಳಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್ ಇರುವವರು ಹುಷಾರಾಗಿರಬೇಕು. ನೀವು ಊಟ ಮಾಡಲಿ ಬಿಡಲಿ, ಇವು ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹೊರಡಿಸುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ತೊಂದರೆ ಬಹಳ ಕಡಿಮೆ. ಆದರೆ "ನಂದು ಬರೀ ಮೆಟ್‌ಫಾರ್ಮಿನ್" ಅನ್ನುವ ಎಷ್ಟೋ ಜನರ ಸ್ಟ್ರಿಪ್ ತಿರುಗಿಸಿ ನೋಡಿದರೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಕೂಡ ಇರುತ್ತದೆ. ಎರಡೂ ಸೇರಿದ ಒಂದೇ ಮಾತ್ರೆ ನಮ್ಮಲ್ಲಿ ತುಂಬಾ ಸಾಮಾನ್ಯ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಕಾಣದಿದ್ದರೆ ಮೆಡಿಕಲ್‌ನವರನ್ನು ಕೇಳಿ, ಹೇಳುತ್ತಾರೆ.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಡವಗುಟ್ಟುತ್ತದೆ, ಮಾತು ತೊದಲುತ್ತದೆ. ಆಗ ಡಯಟ್ ನೆನಪು ಮಾಡಿಕೊಳ್ಳಬಾರದು. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಜಾತಿಯ ಮಾತ್ರೆ ಇದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಇವನ್ನು ತೆಗೆದುಕೊಳ್ಳುವವರು ತುಂಬಾ ಜನ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಿಗಳೇ. ಗ್ಲೂಕೋಸನ್ನು ಮೂತ್ರದಲ್ಲಿ ಹೊರಗೆ ಕಳಿಸುವುದು ಇವುಗಳ ಕೆಲಸ. ಆದರೆ ಇವುಗಳ ಜೊತೆ ಕೀಟೋ ಊಟ ಅಥವಾ ಉದ್ದನೆಯ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಅಪಾಯದ ಮಟ್ಟಕ್ಕೆ ಏರಿ ರಕ್ತ ಆಮ್ಲೀಯವಾಗಬಹುದು. ಇದಕ್ಕೆ ಕೀಟೋಆಸಿಡೋಸಿಸ್ ಅನ್ನುತ್ತಾರೆ. ಶುಗರ್ ಅಷ್ಟೇನೂ ಏರದೆಯೂ ಇದು ಆಗಬಹುದು. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಮೀಟರ್ ಏನೇ ತೋರಿಸಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಷಾಢ ಏಕಾದಶಿ, ನವರಾತ್ರಿಯ ಉಪವಾಸ ಹಿಡಿಯುವವರು ಈ ಮಾತ್ರೆಯ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಲೇಬೇಕು.

ಉಪವಾಸದ ಮಾತು ಬಂತಲ್ಲ, ಸಾಬುದಾಣಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮಹಾರಾಷ್ಟ್ರಕ್ಕೆ ಬಂದ ಮೇಲೆ ಸಾಬುದಾಣಿ ಖಿಚಡಿ ನಮ್ಮ ಮನೆಗಳಲ್ಲೂ ಉಪವಾಸದ ಊಟವಾಗಿಬಿಟ್ಟಿದೆ. ಅದು ಮರಗೆಣಸಿನಿಂದ ತೆಗೆದ ಪಿಷ್ಟ. ನೂರು ಗ್ರಾಂನಲ್ಲಿ 85 ಗ್ರಾಂಗಿಂತ ಜಾಸ್ತಿ ಕಾರ್ಬ್, ನಾರು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಶುಗರ್ ಇರುವವರಿಗೆ ಅನ್ನಕ್ಕಿಂತ ಇದೇ ಕಷ್ಟ. ಉಪವಾಸದ ದಿನ ಶೇಂಗಾ, ಮೊಸರು, ಪನೀರ್, ಒಂದು ಪೇರಲೆ ಹಣ್ಣು ಸಾಕು.

ಬಿಪಿ ಮಾತ್ರೆಯವರಿಗೂ ಒಂದು ಮಾತು. ಕಾರ್ಬ್ ಇಳಿಸಿದ ಮೊದಲ ವಾರ ಮೈಯಿಂದ ನೀರು, ಉಪ್ಪು ಜಾಸ್ತಿ ಹೋಗುತ್ತದೆ. ತೂಕ ಒಮ್ಮೆಲೇ ಇಳಿದ ಹಾಗೆ ಕಾಣುವುದೂ ಇದಕ್ಕೇ. ಎದ್ದು ನಿಂತಾಗ ತಲೆ ತಿರುಗಿದರೆ ಬಿಪಿ ನೋಡಿಸಿ.

ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಮ್ಮಿ ನಿಂತಿರುವುದು) ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ತಾವಾಗಿ ಇದನ್ನು ಶುರು ಮಾಡಬಾರದು.

ಬೆಳಿಗ್ಗೆಯ ಶುಗರ್ ಯಾಕೆ ಇಳಿಯಲ್ಲ?

ಊಟ ಸರಿಮಾಡಿದವರನ್ನು ಬಹಳ ಬೇಸರಪಡಿಸುವ ವಿಷಯ ಇದು. ರಾತ್ರಿ ಬರೀ ಪಲ್ಯ, ಮೊಸರು ತಿಂದು ಮಲಗಿದರೂ ಬೆಳಿಗ್ಗೆ ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) 140. ಇದು ರಾತ್ರಿಯ ಊಟದ್ದಲ್ಲ, ಲಿವರ್‌ನದು. ಬೆಳಗಿನ ಜಾವ ಏಳಲು ಸಿದ್ಧವಾಗುವಾಗ ಮೈಯಲ್ಲಿ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏರುತ್ತವೆ, ಲಿವರ್ ಗ್ಲೂಕೋಸ್ ಬಿಡುತ್ತದೆ. ಡಯಾಬಿಟಿಸ್ ಇರುವವರಲ್ಲಿ ಅದನ್ನು ತಡೆಯುವ ಇನ್ಸುಲಿನ್ ಸಾಲುವುದಿಲ್ಲ. ಕಾರ್ಬ್ ಕಡಿಮೆ ಮಾಡಿದಾಗ ಮೊದಲು ಸುಧಾರಿಸುವುದು ಊಟದ ನಂತರದ ಅಂಕಿ, ಲ್ಯಾಬಿನವರು ಪಿಪಿ ಅನ್ನುವುದು. ಫಾಸ್ಟಿಂಗ್ ಬಹಳ ಸಲ ಕೊನೆಗೆ ಇಳಿಯುತ್ತದೆ, ತೂಕ ಇಳಿದ ಮೇಲೆ. ಫಾಸ್ಟಿಂಗ್ ಒಂದನ್ನೇ ನೋಡಿ "ಇದರಿಂದ ಏನೂ ಆಗಲಿಲ್ಲ" ಅಂತ ಬಿಟ್ಟುಬಿಡಬೇಡಿ.

ಊಟದ ನಂತರದ್ದನ್ನು ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡಬಹುದು. ಊಟದ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಒಂದು ದಿನ ಎಂದಿನ ಊಟ ಮಾಡಿ ನೋಡಿ. ಇನ್ನೊಂದು ದಿನ ಅದೇ ಸಾರು, ಅದೇ ಪಲ್ಯ, ಅರ್ಧ ಅನ್ನ. ಎರಡು ಗಂಟೆಯದು 180ರ ಒಳಗೆ ಇರಬೇಕು ಅನ್ನುವುದು ಹೆಚ್ಚಿನವರಿಗೆ ಡಾಕ್ಟರು ಹೇಳುವ ಗುರಿ. ಗ್ಲುಕೋಮೀಟರ್‌ನ ಸ್ಟ್ರಿಪ್‌ಗೆ ದುಡ್ಡು ಹೋಗುತ್ತದೆ ನಿಜ. ಆದರೆ ನಾಲ್ಕು ಸ್ಟ್ರಿಪ್‌ನಲ್ಲಿ ನಿಮ್ಮ ಮೈಗೆ ಎಷ್ಟು ಅನ್ನ ತಡೆಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಇದು ಬೇರೆಯವರ ಡಯಟ್ ಚಾರ್ಟ್‌ನಿಂದ ಗೊತ್ತಾಗುವುದಿಲ್ಲ.

ಊಟದ ಕ್ರಮ ಬದಲಿಸಿದರೂ ಅಂಕಿ ಇಳಿಯುತ್ತದೆ. ಕೋಸಂಬರಿ, ಪಲ್ಯ, ಮೀನು ಅಥವಾ ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಏರಿಕೆ ಕಡಿಮೆ. ಊಟದ ನಂತರ ಹದಿನೈದು ನಿಮಿಷ ಬಿಲ್ಡಿಂಗ್ ಸುತ್ತ ನಡೆದರೆ ಇನ್ನೂ ಕಡಿಮೆ. ನಡೆಯುವ ಸ್ನಾಯು ಇನ್ಸುಲಿನ್ ಹೆಚ್ಚು ಬೇಡದೆಯೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ಕರಾವಳಿಯವರಿಗೆ ಇದು ಸುಲಭ. ಬಂಗುಡೆ, ಬೊಂಬಿಲ್, ಸುರ್ಮೈ ಯಾವುದರಲ್ಲೂ ಕಾರ್ಬ್ ಇಲ್ಲ. ಪುಳಿಮುಂಚಿ ಹಾಗೇ ಇರಲಿ, ಜೊತೆಗಿನ ನೀರುದೋಸೆ ನಾಲ್ಕರ ಬದಲು ಒಂದಾಗಲಿ. ಉತ್ತರ ಕರ್ನಾಟಕದ ಮನೆಯಲ್ಲಿ ಒಂದು ರೊಟ್ಟಿ, ಜೊತೆಗೆ ಝುಣಕ, ಎಣ್ಣೆಗಾಯಿ, ಮೆಂತ್ಯ ಸೊಪ್ಪು, ಮೊಸರು, ಶೇಂಗಾ ಚಟ್ನಿ. ಅಲ್ಲಿ ಪಲ್ಯ ಯಾವತ್ತೂ ಧಾರಾಳ, ಅದನ್ನೇ ಎರಡು ಪಾಲು ಬಡಿಸಿಕೊಂಡರೆ ಆಯಿತು. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಯಾಕಂದರೆ ಬೇಳೆಯಲ್ಲಿ ಪ್ರೋಟೀನ್ ಜೊತೆ ಕಾರ್ಬ್ ಕೂಡ ಇದೆ. ಆದರೂ ಬೇಳೆಯದು ಅನ್ನಕ್ಕಿಂತ ಬಹಳ ನಿಧಾನ. ಇಡ್ಲಿಯ ಬದಲು ಹೆಸರುಕಾಳಿನ ದೋಸೆ, ಸಾರಿನ ತಿಳಿಯ ಬದಲು ಗಟ್ಟಿ ಬೇಳೆ, ವಾರಕ್ಕೆ ಒಂದೆರಡು ಸಲ ಪನೀರ್ ಅಥವಾ ಸೋಯಾ. ಚಹಾದ ಸಕ್ಕರೆಯನ್ನು ಮೊದಲು ಬಿಡಿ. ದಿನಕ್ಕೆ ನಾಲ್ಕು ಕಟಿಂಗ್ ಕುಡಿಯುವವರಿಗೆ ಅದೇ ಅರ್ಧ ಬಟ್ಟಲು ಅನ್ನಕ್ಕೆ ಹತ್ತಿರ ಬರಬಹುದು.

ಬಡಿಸುವವರಿಗೂ ಇದನ್ನು ಹೇಳಬೇಕು. ನಮ್ಮಲ್ಲಿ ಅನ್ನ ಬೇಡ ಅಂದರೆ ಅಡುಗೆ ಮಾಡಿದವರಿಗೆ ನೋವಾಗುತ್ತದೆ. ಶುಗರ್ ಇರುವವರಿಗೆ ಮಾತ್ರ ಬೇರೆ ಅಡುಗೆ ಅಂತ ಮಾಡಿದರೆ ಅದು ಜಾಸ್ತಿ ದಿನ ನಡೆಯುವುದಿಲ್ಲ. ಅದೇ ಅಡುಗೆ ಎಲ್ಲರಿಗೂ ಇರಲಿ, ಬಟ್ಟಲಿನ ಅಳತೆ ಮಾತ್ರ ಬೇರೆ ಇರಲಿ.

ಮೂರು ತಿಂಗಳಿಗೆ ಎಚ್‌ಬಿ ಎ1ಸಿ ಮಾಡಿಸಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಅದಕ್ಕಿಂತ ಬೇಗ ಮಾಡಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಸುಮ್ನೆ ಮೇಲೆ ತೋರಿಸಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಅದೇ ದಿನ ಕೊಲೆಸ್ಟ್ರಾಲ್ ಕೂಡ ನೋಡಿಸಿ. ಕಾರ್ಬ್ ಇಳಿಸಿದವರಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ತುಪ್ಪ, ಬೆಣ್ಣೆ, ತೆಂಗಿನೆಣ್ಣೆ ಜಾಸ್ತಿಯಾದ ಕೆಲವರಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರುತ್ತದೆ. ಏರಿದ್ದರೆ ಕಾರ್ಬ್ ಮತ್ತೆ ಜಾಸ್ತಿ ಮಾಡಬೇಕಾಗಿಲ್ಲ. ಆ ಕೊಬ್ಬಿನ ಜಾಗಕ್ಕೆ ಶೇಂಗಾ, ಮೀನು, ಶೇಂಗಾ ಎಣ್ಣೆ ಅಥವಾ ಸಾಸಿವೆ ಎಣ್ಣೆ ತಂದು, ಮುಂದೇನು ಅಂತ ಡಾಕ್ಟರನ್ನು ಕೇಳಿ, ಇನ್ನು ಮೂರು ತಿಂಗಳಿಗೆ ಮತ್ತೆ ಚೆಕ್ ಮಾಡಿಸಿ.